ಬಾತುಕೋಳಿಯ ಬಾಲದಡಿಯ ನಂಬರು

ನಂಬರು ಇರಬೇಕಾದ ಜಾಗದಲ್ಲಿ ನಂಬರು ಇರಲಿಲ್ಲ. ಬರೀ ಕಬ್ಬಿಣ ಇತ್ತು — ಹೊಸದಾಗಿ ಉಜ್ಜಿದ, ಮಿರಮಿರನೆ ಹೊಳೆಯುವ ಕಬ್ಬಿಣ.

ಕಾರಿನ ಕೆಳಗೆ ಅಂಗಾತ ಮಲಗಿ ಚಾಸಿ ನಂಬರು ಹುಡುಕುತ್ತಿದ್ದ ತಗಡಿನ ಮೇಸ್ತ್ರಿ ಅದನ್ನು ಕಂಡವನು ಹೊರಗೆ ಬರಲೇ ಇಲ್ಲವಂತೆ. ಕರೆದು ಕರೆದು ಸಾಕಾಗಿ ಸಾರಿಗೆ ಅಧಿಕಾರಿಯೇ ಬಗ್ಗಿ ನೋಡಿದರಂತೆ.

"ಯಾರೋ ಅರ ಹಾಕಿ ಉಜ್ಜಿದಾರೆ ಸಾರ್."

"ಯಾರೋ ಯಾಕಪ್ಪಾ? ಶೆಡ್ಡು ನಿಂದು, ಅರ ನಿಂದು."

ಸಂಜೆಯವರೆಗೆ ಗಡುವು. ಅಷ್ಟರೊಳಗೆ ಬೇರೆ ಯಾರೆಂದು ಗೊತ್ತಾಗದಿದ್ದರೆ ಮೇಸ್ತ್ರಿಯ ಮೇಲೆ ಪೊಲೀಸ್ ದೂರು, ಶೆಡ್ಡಿಗೆ ಬೀಗ. ಮೇಸ್ತ್ರಿ ತಕ್ಷಣ ಫೋನ್ ಮಾಡಿದ್ದು ನನ್ನ ಅತ್ತಿಗೆಗೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಿಮಾ ಕಂಪನಿಗಾಗಿ ಜಖಂ ಆದ ಗಾಡಿಗಳನ್ನು ತಡವಿ ನೋಡಿ, ಯಾರು ನಿಜ ಹೇಳುತ್ತಿದ್ದಾರೆ, ಯಾರು ಬುರುಡೆ ಬಿಡುತ್ತಿದ್ದಾರೆ ಎಂದು ಬರೆಯುವುದರಲ್ಲೇ ಅರ್ಧ ಆಯಸ್ಸು ಕಳೆದವರು. ನಿವೃತ್ತಿಯಾದರೂ ಕೂತಲ್ಲಿ ಕೂರುವ ಜೀವವಲ್ಲ. ನಾನು ಅವರ ಸ್ಕೂಟರಿನ ಡ್ರೈವರು. ಸಂಬಳವಿಲ್ಲ, ಬೈಗುಳ ಉಂಟು.

"ಇನ್ನೂ ಜೋರಾಗಿ ಹೋಗೇ."

"ಸಿಗ್ನಲ್ ಬಿದ್ದಿದೆ ಅತ್ತಿಗೆ."

"ಕಾಣತ್ತೆ. ಬಿಟ್ಟ ಮೇಲಾದ್ರೂ ಜೋರಾಗಿ ಹೋಗು." ಹಿಂದೆ ಕೂತು ನನ್ನ ಹೆಗಲನ್ನು ತಟ್ಟುತ್ತಲೇ ಇದ್ದರು.

ಶೆಡ್ಡಿನ ನಡುವೆ ಜಾಕಿಗಳ ಮೇಲೆ ನಿಂತಿತ್ತು ಆ ಕಾರು. ಚಪ್ಪಟೆ ಮೂತಿ, ದುಂಡು ಬೆನ್ನು, ಮೇಲೆದ್ದ ಬಾಲ. ಎಲ್ಲರೂ ಅದನ್ನು ಬಾತುಕೋಳಿ ಎನ್ನುತ್ತಿದ್ದರು. ಯಾವ ಕಾರ್ಖಾನೆಯೂ ಮಾಡಿದ್ದಲ್ಲ. ಬಹಳ ಹಿಂದೆ ಒಬ್ಬ ಬಾಡಿ ಕಟ್ಟುವವನು ಹಳೆಯ ಚಾಸಿಯೊಂದನ್ನು, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟನ್ನು ತಂದು, ಕೈಯಾರೆ ತಗಡು ಬಡಿದು ಕಟ್ಟಿದ್ದು. ಪ್ರಪಂಚದಲ್ಲಿ ಇದೊಂದೇ. ಅಷ್ಟು ಕಷ್ಟಪಟ್ಟು ಕಟ್ಟಿದವನು ಒಂದು ದಿನ ಅದನ್ನು ಯಾರದೋ ಖಾಲಿ ಜಾಗದಲ್ಲಿ ನಿಲ್ಲಿಸಿ ಹೋದ. ಮತ್ತೆ ತಿರುಗಿ ನೋಡಲಿಲ್ಲ. ಯಾಕೆಂದು ಯಾರಿಗೂ ಹೇಳದೆ ಸತ್ತೂ ಹೋದ. ಕಿಟಕಿಯಿಂದ ಗಿಡ ಹೊರಬಂದಿದ್ದ ಆ ಕಾರನ್ನು ಮೇಸ್ತ್ರಿ ಎಳೆದು ತಂದು, ಮೂರು ವರ್ಷ ಅದರ ಸೇವೆ ಮಾಡಿದ. ಮೊನ್ನೆ ಮೊನ್ನೆ ಬಣ್ಣ ಹೊಡೆದದ್ದೇ ತಡ, ಮಾಲೀಕರು ಹುಟ್ಟಿಕೊಂಡರು. ತುಕ್ಕು ಹಿಡಿದಾಗ ಅನಾಥ, ಹೊಳೆದಾಗ ಎಲ್ಲರಿಗೂ ನೆಂಟ!

ಮಾಲೀಕರು ಇಬ್ಬರು. ಒಬ್ಬ ಜಾಗದ ಯಜಮಾನ. ಇನ್ನೊಬ್ಬಳು ಕಾರು ಕಟ್ಟಿದವನ ಮಗಳು, ಲಾಂಡ್ರಿ ಇಟ್ಟುಕೊಂಡಿದ್ದಾಳೆ. ಇಬ್ಬರೂ ಅಲ್ಲೇ ಇದ್ದರು, ಎದುರುಬದುರು ಸ್ಟೂಲುಗಳ ಮೇಲೆ.

ಅತ್ತಿಗೆ ಯಾರಿಗೂ ನಮಸ್ಕಾರ ಹೇಳದೆ ಸೀದಾ ಕಾರಿನ ಕೆಳಗೆ ತೂರಿದರು. ನಾನು ಟಾರ್ಚ್ ಹಿಡಿದೆ. ಬಾಲದಡಿಯ ಅಡ್ಡಪಟ್ಟಿಯಲ್ಲಿ ಅಂಗೈ ಅಗಲದ ಉಜ್ಜಿದ ಜಾಗ. ಅತ್ತಿಗೆ ಅಲ್ಲಿ ಬೆರಳಾಡಿಸಿದರು. ಆಮೇಲೆ ಆ ಬೆರಳನ್ನು ತಮ್ಮ ಮೊಣಕೈಗೆ ತಿಕ್ಕಿಕೊಂಡರು.

"ಥೂ, ಗಲೀಜು," ಎಂದೆ.

"ಸುಮ್ನಿರೇ."

ಹೊರಗೆ ಬಂದವರೇ ಮೇಸ್ತ್ರಿಯನ್ನು ಕೇಳಿದರು. "ನಂಬರು ಇಲ್ಲಿದೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಅಕ್ಕಾ. ಮಾಮೂಲಿಯಾಗಿ ಮುಂದುಗಡೆ ಇರತ್ತೆ. ಅಲ್ಲಿರಲಿಲ್ಲ. ತುಕ್ಕಲ್ಲಿ ಹೋಗಿರಬೇಕು ಅಂದ್ಕೊಂಡಿದ್ದೆ. ಇವತ್ತು ಉಜ್ಜಿದ ಜಾಗ ಕಂಡ ಮೇಲೇ ಓಹೋ ಇಲ್ಲಿತ್ತಾ ಅಂತ ತಿಳಿದಿದ್ದು."

"ಶೆಡ್ಡಿಗೆ ಬೀಗ?"

"ಊಟಕ್ಕೆ ಹೋಗುವಾಗ ಹಾಕಲ್ಲ. ಯಾರು ಬರ್ತಾರೆ? ಇವರಿಬ್ಬರೇ ದಿನಾ ಬಂದು ನೋಡ್ಕೊಂಡು ಹೋಗ್ತಾರೆ, ನಾನೆಲ್ಲಿ ಕಾರು ನುಂಗಿಬಿಡ್ತೀನೋ ಅಂತ."

ಜಾಗದ ಯಜಮಾನ ಎದ್ದು ನಿಂತ. "ನಾನ್ಯಾಕೆ ಉಜ್ಜಲಿ? ನಂಬರು ನೋಡಿ ಅಂತ ಅರ್ಜಿ ಕೊಟ್ಟಿದ್ದೇ ನಾನು. ಈಯಮ್ಮ ತನ್ನಪ್ಪ ಚಾಸಿ ಕೊಂಡ ರಸೀದಿ ಅಂತ ಒಂದು ಚೀಟಿ ತಂದಳು. ನಂಬರು ತಾಳೆಯಾದ್ರೆ ಕಾರು ಅವಳದ್ದು, ಇಲ್ಲಾಂದ್ರೆ ಇಷ್ಟು ವರ್ಷ ಜಾಗ ಕೊಟ್ಟ ನಂದು ಅಂದೆ. ತಪ್ಪಾ?"

"ತಾಳೆಯಾಗದೇ ಇದ್ರೆ ನಿಮಗೇ ಲಾಭ. ನಂಬರೇ ಇಲ್ದಿದ್ರೂ ನಿಮಗೇ ಲಾಭ," ಎಂದರು ಅತ್ತಿಗೆ.

ನಾನಂತೂ ಇವನೇ ಕಳ್ಳ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಲಾಂಡ್ರಿಯಾಕೆ ಮಾತ್ರ ತಲೆಯೆತ್ತಿರಲಿಲ್ಲ. ಸೋಪಿನ ನೀರಿಗೆ ಅವಳ ಕೈಗಳು ಬಿರುಕು ಬಿಟ್ಟಿದ್ದವು. ಮಡಿಲಲ್ಲಿದ್ದ ಪುಟ್ಟ ಡಬ್ಬಿಯಿಂದ ಮುಲಾಮು ತೆಗೆದು ಬೆರಳ ಸಂದಿಗೆ ಹಚ್ಚಿಕೊಳ್ಳುತ್ತಿದ್ದಳು. ಮುಚ್ಚುತ್ತಿದ್ದಳು. ಮತ್ತೆ ತೆರೆಯುತ್ತಿದ್ದಳು. ಪಾಪ ಅನ್ನಿಸಿತು, ಅಪ್ಪನ ಕಾರು ಕೈಗೆ ಬಂದೂ ಬಾಯಿಗೆ ಬರಲಿಲ್ಲವಲ್ಲ.

"ಏನಮ್ಮಾ, ಅಪ್ಪ ಕಾರು ಕಟ್ಟುವಾಗ ನೀವು ನೋಡಿದ್ರಾ?"

"ಚಿಕ್ಕವಳು. ನೆನಪಿಲ್ಲ."

"ಅಪ್ಪನ ಗ್ಯಾರೇಜಿನಲ್ಲಿ ಆಡ್ತಿರಲಿಲ್ವಾ?"

"ಇಲ್ಲ. ಅರ, ಸುತ್ತಿಗೆ ಅಂದ್ರೆ ನಂಗೇನೂ ಗೊತ್ತಿಲ್ಲ."

"ನಾನು ಅರದ ವಿಷಯ ಕೇಳಲೇ ಇಲ್ಲವಲ್ಲ," ಎಂದರು ಅತ್ತಿಗೆ, ಮೆಲ್ಲಗೆ.

ಅಧಿಕಾರಿ ಗಡಿಯಾರ ನೋಡಿಕೊಂಡರು.

"ಸಾರ್," ಎಂದು ಅತ್ತಿಗೆ ಅವರತ್ತ ತಿರುಗಿದರು. "ಎಲ್ಲರೂ ಉಜ್ಜಿದ್ದನ್ನ ನೋಡಿದ್ರಿ. ಉಜ್ಜಿದ ಮೇಲೆ ಏನು ಮಾಡಿದಾರೆ ಅಂತ ನೋಡಲಿಲ್ಲ. ಅಲ್ಲಿ ಮುಲಾಮು ಸವರಿದೆ. ಗ್ರೀಸ್ ಅಲ್ಲ, ಮೊಣಕೈಗೆ ತಿಕ್ಕಿ ನೋಡಿದೆ. ಯಾಕೆ? ಕಬ್ಬಿಣವನ್ನ ಬರಿಮೈಯಲ್ಲಿ ಬಿಟ್ರೆ ತುಕ್ಕು ಹಿಡಿಯತ್ತೆ. ಈ ಯಜಮಾನರಿಗೆ ಅದು ತಲೆಗೇ ಬರಲ್ಲ, ಉಜ್ಜಿ ಎದ್ದು ಹೋಗಿರೋರು. ಮೇಸ್ತ್ರಿಯಾದ್ರೆ ತುಕ್ಕು ತಡೆಯೋ ಪ್ರೈಮರ್ ಬಳಿಯೋನು. ಅದರ ಡಬ್ಬಿ ಇಲ್ಲೇ, ಕೈಗೆಟುಕೋ ಹಲಗೆ ಮೇಲೇ ಇದೆ. ಹಾಗಾದ್ರೆ ಉಳಿದೋರು ಯಾರು? ಗ್ಯಾರೇಜಿನಲ್ಲಿ ಬೆಳೆದೋರು, ಆದ್ರೆ ಈ ಗ್ಯಾರೇಜಿನೋರಲ್ಲ. ಮಾಡೋದು ಕೆಟ್ಟ ಕೆಲಸ ಅಂತ ಗೊತ್ತಿದ್ದೂ ಕಬ್ಬಿಣವನ್ನ ಹಾಗೇ ಬಿಡೋಕೆ ಕೈ ಬರಲಿಲ್ಲ. ಹತ್ತಿರ ಏನಿತ್ತೋ ಅದನ್ನೇ ಹಚ್ಚಿದ್ರು."

ಲಾಂಡ್ರಿಯಾಕೆಯ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತಿರುಗುವುದು ನಿಂತಿತು.

"ಇವಳಾ?" ಯಜಮಾನ ನಕ್ಕ. "ನಂಬರು ಹೋದ್ರೆ ಕಾರು ಹೋಗೋದೇ ಇವಳದ್ದು!"

"ಹೋಗಲಿ ಅಂತಾನೇ ಉಜ್ಜಿದೆ," ಎಂದಳು ಅವಳು. "ಕಾರು ಯಾರಿಗೆ ಬೇಕಿತ್ತು? ಯಾರೂ ಅದರ ಕೆಳಗೆ ಬಗ್ಗಿ ನೋಡಬಾರದು ಅಂತಾನೇ ಕಾರು ನಂದು ಅಂತ ಕೇಳ್ಕೊಂಡು ಬಂದೆ. ರಸೀದಿ ತೋರಿಸಿದ್ರೆ ಸಾಕು, ಕೊಟ್ಟುಬಿಡ್ತಾರೆ ಅಂದ್ಕೊಂಡೆ. ರಸೀದಿಯಲ್ಲಿರೋದು 80619. ಇದರ ಮೇಲಿರೋದು 61908. ಕಟ್ಟಿ ಮುಗಿದ ಮೇಲೆ ಅಪ್ಪ ನನ್ನನ್ನೇ ಬಾಲದ ಕಡೆಯಿಂದ ಒಳಗೆ ತೂರಿಸಿ, ರಸೀದಿಗೆ ತಾಳೆ ನೋಡೋಕೆ ನಂಬರು ಓದಿಸಿದ್ರು. ಅವರ ತಲೆ ಆ ಸಂದಿಯಲ್ಲಿ ಹಿಡೀತಿರಲಿಲ್ಲ. ನಾನು ಓದಿದೆ. ಅಪ್ಪ ಇನ್ನೊಂದ್ಸಲ ಓದು ಅಂದ್ರು. ಮತ್ತೆ ಅದನ್ನೇ ಓದಿದೆ. ಅವತ್ತೇ ಕಾರು ಬಿಟ್ಟುಬಂದ್ರು. ಯಾರಿಗೂ ಹೇಳಬೇಡ ಮಗಾ, ನಮಗೆ ಯಾರೋ ಕಳ್ಳ ಮಾಲು ಕಟ್ಟಿದಾರೆ, ನಂಬೋರು ಯಾರು ಅಂದ್ರು."

"ಉಜ್ಜುವಾಗ ಮತ್ತೆ ನೋಡಿದ್ರಾ?"

"ಹ್ಞೂಂ. ಅದೇ ಬಾಲದ ಕಡೆಯಿಂದ ತೂರಿದೆ. ಅದೇ ನಂಬರು. ಸತ್ತಿರೋ ಅಪ್ಪನ್ನ ಕಳ್ಳ ಅನ್ನಿಸೋಕೆ ಆಗಲಿಲ್ಲ."

"ನನ್ನನ್ನ ಕಳ್ಳ ಅನ್ನಿಸೋಕೆ ಆಯ್ತಲ್ಲ," ಎಂದ ಮೇಸ್ತ್ರಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಅತ್ತಿಗೆ ಚೀಲದಿಂದ ಸಣ್ಣ ಬಾಟಲಿ ತೆಗೆದರು. "ಅಚ್ಚೊತ್ತಿದ ಅಂಕಿ ಬರೀ ಮೇಲ್ಮೈಯಲ್ಲಿ ಇರಲ್ಲ. ಏಟಿನ ಗುರುತು ಕಬ್ಬಿಣದ ಒಳಗೂ ಇಳಿದಿರತ್ತೆ. ಈ ಆಸಿಡ್ ಸವರಿದ್ರೆ ಸ್ವಲ್ಪ ಹೊತ್ತು ಎದ್ದು ಕಾಣತ್ತೆ."

"ಬೇಡಮ್ಮಾ," ಎಂದಳು ಲಾಂಡ್ರಿಯಾಕೆ. "ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತಿಗೆ ಕೇಳಲಿಲ್ಲ. ಮುಲಾಮು ಒರೆಸಿ, ಹತ್ತಿಯಲ್ಲಿ ಅದ್ದಿ ಸವರಿದರು. ಕಾದೆವು. ಹೊಗೆಬಣ್ಣದ ಅಂಕಿಗಳು ಒಂದೊಂದಾಗಿ ಮೂಡಿದವು. ಬಾಲದ ಕಡೆಯಿಂದ ಬಗ್ಗಿದ್ದ ಯಜಮಾನ ಗಟ್ಟಿಯಾಗಿ ಓದಿದ: "61908. ಕಳ್ಳ ಮಾಲೇ! ಬರ್ಕೊಳ್ಳಿ ಸಾರ್."

ಲಾಂಡ್ರಿಯಾಕೆ ಮುಖ ಮುಚ್ಚಿಕೊಂಡಳು.

ಅತ್ತಿಗೆಯ ಹುಬ್ಬು ಗಂಟಿಕ್ಕಿತು. ಆ ಅಡ್ಡಪಟ್ಟಿಯ ಬೆಸುಗೆಯನ್ನೇ ದಿಟ್ಟಿಸುತ್ತಿದ್ದರು. "ಏ, ನೀನು ಮೂತಿ ಕಡೆಯಿಂದ ಹೋಗಿ ನೋಡು."

"ನಾನಾ? ಎಣ್ಣೆ ಎಲ್ಲಾ..."

"ಹೋಗೇ ಬೇಗ."

ಹೋದೆ. ಒಳ್ಳೆಯ ಸೀರೆ ಅವತ್ತೇ ಹಾಳಾಯಿತು. ಟಾರ್ಚ್ ಎತ್ತಿ ಓದಿದೆ. "80619." ನನಗೇ ನಂಬಿಕೆಯಾಗದೆ ಮತ್ತೊಮ್ಮೆ ಓದಿದೆ.

"ಬಾಲ ಎತ್ತರಿಸೋಕೆ ಇವರಪ್ಪ ಮುಂದಿನ ಪಟ್ಟಿ ಕತ್ತರಿಸಿ, ತಿರುಗಿಸಿ ಇಲ್ಲಿ ಬೆಸೆದಿದಾರೆ," ಎಂದರು ಅತ್ತಿಗೆ. "ಬಾಲದ ಕಡೆಯಿಂದ ನೋಡಿದ್ರೆ ನಂಬರು ತಲೆಕೆಳಗು. ಒಂದು ಅನ್ನೋ ಅಂಕಿಯ ಮೂಗು ನೋಡಿ ಸಾರ್, ಆ ಕಡೆಯಿಂದ ಕೆಳಗೆ ಬರತ್ತೆ. ಮಿಕ್ಕಿದ್ದೆಲ್ಲ ತಿರುಗಿಸಿದ್ರೂ ಅಂಕಿಯ ಹಾಗೇ ಕಾಣೋವು. ಮಗುವಿಗೆ ಹೇಗೆ ಗೊತ್ತಾಗಬೇಕು? ಕಾರು ಇವರಪ್ಪಂದೇ. ನ್ಯಾಯವಾಗಿ ಕೊಂಡಿದ್ದು."

ಲಾಂಡ್ರಿಯಾಕೆ ನೆಲದ ಮೇಲೆ ಕುಸಿದಳು. "ನಾನು ಓದಿದ್ದಕ್ಕೆ... ಅಪ್ಪ ಒಂದು ದಿನಾನೂ ಇದರಲ್ಲಿ ಕೂರಲಿಲ್ಲ. ನಾನು ಓದಿದ್ದಕ್ಕೆ."

ಮೇಸ್ತ್ರಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಮೂರು ವರ್ಷ ನಿಮ್ಮಪ್ಪನ ಬೆಸುಗೆ ನೋಡಿದೀನಿ," ಎಂದ. "ಕದ್ದ ಕಬ್ಬಿಣಕ್ಕೆ ಯಾರೂ ಇಷ್ಟು ಜೋಪಾನವಾಗಿ ಕೆಲಸ ಮಾಡಲ್ಲ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅಂಕಿಗಳು ಮಾಸತೊಡಗಿದ್ದವು. ಅಧಿಕಾರಿ ಅವಸರದಲ್ಲಿ ಫೋಟೋ ತೆಗೆದು, ಪೆನ್ನು ಹಿಡಿದು, "ನಂಬರು ಇನ್ನೊಮ್ಮೆ ಹೇಳಿ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು, ಮೂತಿಯ ಕಡೆಗೆ ಬಂದು ನನ್ನ ಪಕ್ಕದಲ್ಲೇ ಒಳಗೆ ತೂರಿದಳು. ಮೇಲೆ ನೋಡುತ್ತಾ, ಒಂದೊಂದೇ ಅಂಕಿಯನ್ನು ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ ಬಿಡಿಸಿ ಬಿಡಿಸಿ ಓದಿದಳು. "ಎಂಟು. ಸೊನ್ನೆ. ಆರು. ಒಂದು. ಒಂಬತ್ತು."

ಅಧಿಕಾರಿ ಬರೆದುಕೊಂಡು ಮುಗಿಸಿದ ಮೇಲೂ ಅವಳು ಇನ್ನೊಂದು ಸಲ ಓದಿದಳು. ಯಾರೂ ಅವಳನ್ನು ತಡೆಯಲಿಲ್ಲ.