ಬಿಚ್ಚಬಾರದ ಗಂಟು

"ಅಯ್ಯಯ್ಯೋ! ಚೂಟಿ ಮನೆ ಗಂಟು ನೋಡ್ರೋ! ತಕ್ಕಡೀನೇ ಕಿತ್ಕೊಂಡು ಬರುತ್ತೆ!"

ಗುಂಡ ಕೂಗಿದ್ದೇ ತಡ, ಮರಗೆಲಸದ ಶೆಡ್ಡಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ತೊಲೆಗೆ ನೇತುಹಾಕಿದ್ದ ಸ್ಪ್ರಿಂಗ್ ತಕ್ಕಡಿಯ ಮುಳ್ಳು ಸರ್ರನೆ ಇಳಿದು, ಎಲ್ಲ ಮನೆಗಳ ತೂಕವನ್ನೂ ದಾಟಿ ನಿಂತಿತ್ತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಚೂಟಿಗೆ.

ಭಾನುವಾರ ಸಂಜೆಯಾದರೆ ಆ ಬೀದಿಯವರೆಲ್ಲ ಗುಂಡನ ಅಪ್ಪನ ಶೆಡ್ಡಿನಲ್ಲಿ ಸೇರುತ್ತಿದ್ದರು. ನೀರು ಉಳಿಸುವುದು ಹೇಗೆ, ಕೆಟ್ಟ ಮಿಕ್ಸಿ ರಿಪೇರಿ ಮಾಡುವುದು ಹೇಗೆ, ಕಸ ಕಡಿಮೆ ಮಾಡುವುದು ಹೇಗೆ ಅಂತ ಮಾತಾಡುತ್ತಿದ್ದರು. ಒಮ್ಮೊಮ್ಮೆ ಜಗಳವನ್ನೂ ಆಡುತ್ತಿದ್ದರು. ಈ ಕೂಟ ಶುರುಮಾಡಿದವರು ಲೈಬ್ರರಿಯಲ್ಲಿ ಕೆಲಸ ಮಾಡುವ ಅತ್ತೆ. ಬೀದಿಯ ಮಕ್ಕಳಿಗೆಲ್ಲ ಅವರು ಲೈಬ್ರರಿ ಅತ್ತೆ.

ಮಾತಿಗೆ ಮೊದಲು ಪ್ರತಿ ಮನೆಯ ಒಣ ಕಸದ ತೂಕ. ಅದಕ್ಕೆ ಅತ್ತೆ ಒಂದೇ ಒಂದು ರೂಲ್ ಮಾಡಿದ್ದರು: ಗಂಟು ಬಿಚ್ಚುವ ಹಾಗಿಲ್ಲ. "ಯಾರು ಏನು ತಿಂದ್ರು, ಏನು ತಂದ್ರು ಅನ್ನೋ ಉಸಾಬರಿ ನಮಗೆ ಬೇಡ. ತೂಕ ಗೊತ್ತಾದ್ರೆ ಸಾಕು" ಅನ್ನುತ್ತಿದ್ದರು.

"ಏನೇ ಚೂಟಿ, ನಿಮ್ಮನೇಲಿ ದಿನಾ ಬರ್ತ್‌ಡೇನಾ?" ಗುಂಡ ಬಿಡಲಿಲ್ಲ.

ಎಲ್ಲರೂ ನಕ್ಕರು. ಚೂಟಿಯ ಬಾಯಿಗೆ ಯಾವತ್ತೂ ಬೀಗ ಬಿದ್ದದ್ದಿಲ್ಲ. ಅವತ್ತು ಮಾತ್ರ ಅವಳು ಸೀದಾ ಮನೆಗೆ ನಡೆದಳು.

ಬಂದವಳೇ ಅಮ್ಮನ ಮುಂದೆ ಸಿಡಿದಳು. "ನಾನು ಚಿಪ್ಸ್ ಬಿಟ್ಟೆ. ಪೆನ್ನಿಗೆ ರೀಫಿಲ್ ಹಾಕ್ಕೊಂಡೆ. ಆದ್ರೂ ನಮ್ಮನೇದೇ ಭಾರ! ಎಲ್ಲಾ ಆ ಬ್ಯಾಗುಗಳಿಂದ!"

"ಷ್! ಮೆಲ್ಲಗೆ ಮಾತಾಡು" ಅಂದಳು ಅಮ್ಮ.

ಅಷ್ಟು ಹೊತ್ತಿಗೆ ಒಳಕೋಣೆಯಿಂದ ಅಜ್ಜಿಯ ದನಿ ಬಂತು. "ಅಷ್ಟೊಂದು ಭಾರಾನಾ ಮಗಾ ಅವು?"

ಅಜ್ಜಿಯ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ಅವುಗಳ ಕೆಲಸವನ್ನು ಈಗ ಆಸ್ಪತ್ರೆ ಕಳಿಸುವ ಬ್ಯಾಗುಗಳು ಮಾಡುತ್ತಿದ್ದವು. ಅಜ್ಜಿಯ ಹೊಟ್ಟೆಗೆ ಒಂದು ಸಣ್ಣ ಕೊಳವೆ ಜೋಡಿಸಿದ್ದರು. ಹೊಟ್ಟೆಯೊಳಗಿನ ಹಳೆಯ ದ್ರವ ಅದರ ಮೂಲಕ ಖಾಲಿ ಬ್ಯಾಗಿಗೆ ಇಳಿಯುತ್ತಿತ್ತು. ಮೈಯ ಕೊಳೆ, ಹೆಚ್ಚಾದ ನೀರು ಎಲ್ಲ ಅದರ ಜೊತೆಗೇ ಹೊರಗೆ. ಆಮೇಲೆ ಸ್ಟ್ಯಾಂಡಿನಲ್ಲಿ ತೂಗುಹಾಕಿದ ಹೊಸ ಬ್ಯಾಗಿನ ದ್ರವ ಮೆಲ್ಲಗೆ ಒಳಗೆ ಹೋಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಇದೇ ಕೆಲಸ. ಇಳಿದ ದ್ರವವನ್ನು ಟಾಯ್ಲೆಟ್ಟಿಗೆ ಚೆಲ್ಲಿದ ಮೇಲೆ ಉಳಿದ ಖಾಲಿ ಬ್ಯಾಗು, ಕೊಳವೆ, ಮೇಲಿನ ಪ್ಲಾಸ್ಟಿಕ್ ಕವರು, ರಟ್ಟಿನ ಡಬ್ಬಿ ಎಲ್ಲ ಗಂಟಿಗೆ ಸೇರುತ್ತಿದ್ದವು.

"ಹೂಂ ಅಜ್ಜಿ, ತುಂಬಾ ಭಾರ" ಅಂದುಬಿಟ್ಟಳು ಚೂಟಿ.

ಮುಂದಿನ ಭಾನುವಾರ ಮಧ್ಯಾಹ್ನ ಚೂಟಿ ಗಂಟು ಕಟ್ಟಿ ಎತ್ತಿ ನೋಡಿದಳು. ಹಗುರ! ಇನ್ನೊಮ್ಮೆ ಎತ್ತಿದಳು. ನಿಜವಾಗಿಯೂ ಹಗುರ! ಗುಂಡನ ಮುಖ ಹೇಗಾಗಬಹುದು ಅಂತ ನೆನೆಸಿಕೊಂಡೇ ಒಂದು ಸುತ್ತು ಕುಣಿದಳು.

"ಅಜ್ಜಿ, ನೀನೂ ಬಾ ಇವತ್ತು. ನಾವು ಗೆಲ್ಲೋದನ್ನ ನೋಡುವಿಯಂತೆ."

ಅಜ್ಜಿ ಮಂಚದ ತುದಿಗೆ ಸರಿದು ಚಪ್ಪಲಿ ಮೆಟ್ಟಲು ಹೋದಳು. ಕಾಲು ಒಳಗೆ ಹೋಗಲಿಲ್ಲ. ಇನ್ನೊಂದೂ ಅಷ್ಟೇ. ಪಾದಗಳು ಊದಿಕೊಂಡು ದಿಂಬಿನ ಹಾಗಾಗಿದ್ದವು.

"ಚಪ್ಪಲಿ ಚಿಕ್ಕದಾಗಿದೆ ಕಣೇ" ಅಂದಳು ಅಜ್ಜಿ.

"ಚಪ್ಪಲಿ ಎಲ್ಲಾದ್ರೂ ಚಿಕ್ಕದಾಗುತ್ತಾ ಅಜ್ಜಿ? ತಾಳು, ಹಳೇ ಜೋಡಿ ತೆಗೀತೀನಿ."

ಚೂಟಿ ಮಂಚದ ಕೆಳಗೆ ತೂರಿದಳು. ಅಲ್ಲಿ ಚಪ್ಪಲಿ ಇರಲಿಲ್ಲ. ಟ್ರಂಕಿನ ಹಿಂದೆ, ಹಳೆಯ ಸೀರೆಯ ಅಡಿಯಲ್ಲಿ, ಬ್ಯಾಗುಗಳಿದ್ದವು. ಒಡೆಯದ, ತುಂಬಿದ ಬ್ಯಾಗುಗಳು. ಮೂರು.

"ಅಜ್ಜಿ... ಇವೆಲ್ಲ ಇಲ್ಲಿ ಯಾಕಿವೆ?"

ಅಜ್ಜಿ ಕಳ್ಳನಗೆ ನಕ್ಕಳು. "ಮೂರು ದಿನ ಮಧ್ಯಾಹ್ನದ್ದು ಬಿಟ್ಟೆ. ನಾಕರಲ್ಲಿ ಒಂದು ಹೋದ್ರೆ ಏನಂತೆ? ನಿನ್ನ ಗಂಟು ಹಗುರ ಆಯ್ತೋ ಇಲ್ವೋ?"

ಚೂಟಿ ಮಂಚದಡಿಯಿಂದ ಸರ್ರನೆ ಹೊರಬಂದಳು. ಅಮ್ಮ ಕೊರಿಯರ್ ಆಫೀಸಿನಲ್ಲಿದ್ದಳು. ಇವತ್ತು ಪಾರ್ಸೆಲ್ ಜಾಸ್ತಿ, ಬರುವುದು ತಡ ಅಂದಿದ್ದಳು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಡಯಾಲಿಸಿಸ್ ನರ್ಸಿನ ನಂಬರಿತ್ತು. ಚೂಟಿ ಅದಕ್ಕೆ ಫೋನ್ ಮಾಡಿದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಗಾಬರಿ ಬೇಡ ಪುಟ್ಟಾ, ಮೊದಲು ನೋಡಿ ಹೇಳು. ಅಜ್ಜಿಗೆ ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಎದೆ ನೋವು? ಹೊಟ್ಟೆ ನೋವು?"

"ಏನೂ ಇಲ್ಲ ಅಂತಿದ್ದಾಳೆ ಸಿಸ್ಟರ್. ಕಾಲು ಮಾತ್ರ ದಪ್ಪ ಆಗಿದೆ."

"ಫೋನ್ ಅಜ್ಜಿಗೆ ಕೊಡು." ಆಮೇಲಿನ ದನಿ ಚೂಟಿಗೂ ಕೇಳಿಸುವಷ್ಟು ಜೋರಾಗಿತ್ತು. "ಏನಜ್ಜಿ! ಹೀಗೆಲ್ಲಾ ಮಾಡಿದ್ರೆ ಅಲ್ಲಿಗೇ ಬಂದು ಕಿವಿ ಹಿಂಡ್ತೀನಿ! ಈಗ್ಲೇ ಒಂದು ಬ್ಯಾಗು ಹಾಕ್ಕೊಳ್ಳಿ. ಒಂದು, ಒಂದೇ! ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ಹಾಕ್ಕೊಂಡು ಸರಿ ಮಾಡೋಕೆ ಹೋಗ್ಬೇಡಿ. ನಾನು ಡ್ಯೂಟಿ ಮುಗಿಸಿ ಬಂದು ನೋಡ್ತೀನಿ."

ಮುಂದಿನದು ಚೂಟಿಗೆ ಬಾಯಿಪಾಠ. ಧೂಳು ಕೊಳವೆಗೆ ಸೇರದ ಹಾಗೆ ಫ್ಯಾನ್ ಆಫ್. ಕಿಟಕಿ ಬಂದ್. ಇಬ್ಬರಿಗೂ ಮಾಸ್ಕ್. ಸೋಪು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆಯುವುದು. ಕೊಳವೆಯ ತುದಿ ಮುಟ್ಟುವ ಕೆಲಸ ಅಜ್ಜಿಯದು ಮಾತ್ರ. ಸ್ವಲ್ಪ ಹೊತ್ತಿಗೆ ಹಳೆಯ ದ್ರವ ತಿಳಿಯಾಗಿ ಕೆಳಗಿನ ಬ್ಯಾಗಿಗೆ ಇಳಿಯತೊಡಗಿತು.

"ಅಜ್ಜಿ, ನಾನು ಭಾರ ಅಂದಿದ್ದು ನಿನ್ನನ್ನಲ್ಲ" ಅಂದಳು ಚೂಟಿ ಮಾಸ್ಕಿನೊಳಗಿಂದ.

"ಗೊತ್ತು ಬಿಡೇ ಪೆದ್ದಿ."

"ನಾನಲ್ಲ ಪೆದ್ದಿ, ನೀನು."

"ಆಯ್ತು, ಇಬ್ಬರೂ."

ನರ್ಸು ಬಂದಾಗ ಅಮ್ಮನೂ ಓಡೋಡಿ ಬಂದಿದ್ದಳು. ನರ್ಸು ಬಿ.ಪಿ. ನೋಡಿದಳು, ಪಾದ ಒತ್ತಿ ನೋಡಿದಳು. "ಸದ್ಯ, ಬೇಗ ಗೊತ್ತಾಯ್ತು. ಗಾಬರಿ ಏನಿಲ್ಲ. ಊತ ಇಳಿಯುತ್ತೆ" ಅಂದಳು. ಅಮ್ಮ ಗೋಡೆಗೆ ಒರಗಿ ಉಸ್ಸೆಂದು ಉಸಿರುಬಿಟ್ಟಳು. ಚೂಟಿ ಅಮ್ಮನ ಸೊಂಟ ತಬ್ಬಿ, ಇಷ್ಟು ಹೊತ್ತು ತಡೆದುಕೊಂಡಿದ್ದ ಅಳುವನ್ನೆಲ್ಲ ಅಲ್ಲೇ ಅತ್ತು ಮುಗಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗುಂಡ. "ಏ ಚೂಟಿ, ಎಲ್ಲರದ್ದೂ ತೂಕ ಆಯ್ತು. ನಿಮ್ಮ ಗಂಟು ಎಲ್ಲಿ? ಹೆದರಿ ಬಚ್ಚಿಟ್ಟಿದ್ದೀಯಾ?"

ಚೂಟಿ ಕಣ್ಣೊರೆಸಿಕೊಂಡು ಗಂಟು ಎತ್ತಿಕೊಂಡಳು. ಶೆಡ್ಡಿಗೆ ಹೋದವಳು ಅದನ್ನು ತಕ್ಕಡಿಗೆ ಸಿಕ್ಕಿಸಲಿಲ್ಲ. ಎಲ್ಲರ ನಡುವೆ ಇಟ್ಟು, ಕಟ್ಟಿದ್ದ ಹಗ್ಗಕ್ಕೆ ಕೈ ಹಾಕಿದಳು.

"ಏಯ್, ಬಿಚ್ಚೋ ಹಾಗಿಲ್ಲ!" ಗುಂಡ ಕೂಗಿದ.

"ಇದು ನಮ್ಮಜ್ಜಿ ಕಿಡ್ನಿ" ಅಂದಳು ಚೂಟಿ.

ಹಗ್ಗ ಬಿಚ್ಚಿ ಖಾಲಿ ಬ್ಯಾಗುಗಳನ್ನು ತೋರಿಸಿದಳು. ಚೂಟಿ ಒಂದೊಂದಾಗಿ ಹೇಳಿದಳು. ಬ್ಯಾಗು ಏನು ಮಾಡುತ್ತದೆ, ಫ್ಯಾನ್ ಯಾಕೆ ಆಫ್ ಮಾಡಬೇಕು, ಟ್ರಂಕಿನ ಹಿಂದೆ ಏನು ಸಿಕ್ಕಿತು, ಅಜ್ಜಿ ಹಾಗೆ ಯಾಕೆ ಮಾಡಿದಳು, ಎಲ್ಲ.

ಲೈಬ್ರರಿ ಅತ್ತೆ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು. "ಬಿಚ್ಚಬಾರದು ಅಂತ ರೂಲ್ ಮಾಡಿದ್ದೇ ನಾನು" ಅಂದರು. "ಯಾರಿಗೂ ಮುಜುಗರ ಆಗಬಾರದು ಅಂತ ಮಾಡಿದ್ದೆ ಕಣಮ್ಮ."

 ಗುಂಡ ತಡೆಯಲಾರದೆ ಕೇಳಿದ. "ಅಜ್ಜಿ ನಡೆಯುವಾಗ ಹೊಟ್ಟೇಲಿ ನೀರು ಕುಲುಕಲ್ವಾ?"

"ಕುಲುಕಲ್ಲ. ನಿನ್ನ ತಲೇಲಿ ಕುಲುಕುತ್ತಲ್ಲ, ಹಾಗಲ್ಲ."

ಶೆಡ್ಡು ಘೊಳ್ಳೆಂದು ನಕ್ಕಿತು. ಗುಂಡನೂ ನಕ್ಕ. ಅವನ ಅಪ್ಪ ಒಂದು ರಟ್ಟಿನ ಡಬ್ಬಿ ಎತ್ತಿ ತಿರುಗಿಸಿ ನೋಡಿದ. "ಗಟ್ಟಿಯಾಗಿದೆಯಲ್ಲ ಇದು! ಮೊಳೆ, ಸ್ಕ್ರೂ ಇಟ್ಕೊಳ್ಳೋಕೆ ನನಗೆ ಬೇಕು. ಎಲ್ಲಾ ನನಗೇ ಕೊಡಮ್ಮ." ಅವತ್ತು ಕೂಟದಲ್ಲಿ ತುಂಬ ಹೊತ್ತು ಅದೇ ಮಾತು: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು. ಬ್ಯಾಗುಗಳನ್ನು ಬೇರೆ ಕಟ್ಟಿ ಹೊಸ ಬ್ಯಾಗು ತರುವ ಆಸ್ಪತ್ರೆಯ ವ್ಯಾನಿಗೆ ಕೊಡಬಹುದಾ ಅಂತ ವಿಚಾರಿಸುವ ಕೆಲಸ ಅತ್ತೆಯೇ ವಹಿಸಿಕೊಂಡರು.

ಮರುವಾರ ಅಜ್ಜಿಯ ಚಪ್ಪಲಿ ಸಲೀಸಾಗಿ ಕಾಲಿಗೆ ಹೋಯಿತು. ಅವಳೇ ಮುಂದೆ ಹೊರಟಳು. "ಬಾರೇ, ಆ ಗುಂಡನ್ನ ನೋಡಬೇಕು ನಾನು. ಕುಲುಕುತ್ತಾ ಅಂತ ಕೇಳಿದ್ನಂತೆ!"

ಚೂಟಿ ಆಸ್ಪತ್ರೆಗೆಂದು ಬೇರೆ ಕಟ್ಟಿಟ್ಟಿದ್ದ ಬ್ಯಾಗುಗಳ ಗಂಟಿನ ಹತ್ತಿರ ಒಂದು ಕ್ಷಣ ನಿಂತಳು. ಎರಡೂ ಕೈಯಿಂದ ಎತ್ತಿ ನೋಡಿದಳು. ಹೋದ ವಾರದ ಬ್ಯಾಗುಗಳಿಗಿಂತ ಭಾರವಾಗಿತ್ತು.

ಅದನ್ನು ಮೆಲ್ಲಗೆ ಕೆಳಗಿಟ್ಟು, ಅಜ್ಜಿಯ ಕೈ ಹಿಡಿಯಲು ಓಡಿದಳು.