ಶಹಾಪುರದ ಬಿಗಿ ಕೈ

ಸುರಪುರದ ಮಲ್ಲು ಬಳಿಗಾರನ ಕೈಯಲ್ಲಿ ಇವತ್ತಿನವರೆಗೆ ಒಂದೇ ಒಂದು ಬಳೆ ಒಡೆದಿಲ್ಲ. ಹನ್ನೊಂದು ವರ್ಷದಲ್ಲಿ ಏಳು ಕೋಟಿ ಬಳೆ ತೊಡಿಸಿದ್ದಾನೆ, ಒಂದೂ ಇಲ್ಲ. ಅಳತೆಗೆ ಅವನು ಕೈ ನೋಡಬೇಕಾಗಿಯೂ ಇಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾವ ಹೆಣ್ಣುಮಗಳು ಬಸ್ ಹತ್ತಿದರೂ ಇಲ್ಲಿ ಅಂಗಡಿಯಲ್ಲಿ ಕೂತವನಿಗೆ ಅವಳ ಅಳತೆ ಗೊತ್ತಾಗಿಬಿಡುತ್ತದೆ; ಅವಳು ಬಂದಿಳಿಯುವುದರೊಳಗೆ ಒಂದು ಡಜನ್ ಕಟ್ಟಿ ಇಟ್ಟಿರುತ್ತಾನೆ. ನಂಬದವರು ಸುರಪುರಕ್ಕೆ ಬಂದು ಯಾರನ್ನು ಬೇಕಾದರೂ ಕೇಳಬಹುದು. ಅವನ ತಾಯಿ ದೇವಕ್ಕನನ್ನು ಮಾತ್ರ ಕೇಳಬಾರದು.

ಇಂಥವನ ಅಂಗಡಿಗೆ ಒಂದು ಸೋಮವಾರ ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಬಳೆ ಬೇಡ ಅಂದಳು. ಮೂಲೆಯ ಸ್ಟೂಲ್ ಎಳೆದುಕೊಂಡು ಕೂತು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದು, ಮಡಿಲಲ್ಲಿ ಒಂದು ನೀಲಿ ನೋಟ್‌ಬುಕ್ ಬಿಚ್ಚಿದಳು.

“ಅಣ್ಣಾರ, ನಾ ಭಾರತಿ. ಯಾದಗಿರಿ ಕಾಲೇಜಿಂದ ಬಂದೀನ್ರಿ. ‘ನಾಳಿನ ಅಂಗಡಿ’ ಅಂತ ಪ್ರಾಜೆಕ್ಟ್ ಅದ. ಬೆಂಗಳೂರಿನ ಒಂದು ಕಂಪನಿ, ನಾವು ಸ್ಟೂಡೆಂಟ್ಸು ಕೂಡಿ, ಇನ್ನ ಹತ್ತು ವರ್ಷಕ್ಕ ಅಂಗಡಿ ಹೆಂಗಿರಬೇಕು ಅಂತ ಡಿಸೈನ್ ಮಾಡಾಕತ್ತೇವಿ. ಹತ್ತು ದಿನ ಇಲ್ಲೇ ಕುಂತು ನೋಡ್ತೀನಿ, ಅಷ್ಟೇ.”

“ನೋಡಿ ಏನ್ ಮಾಡ್ತೀರಿ?”

“ಬರೀತೀನ್ರಿ.”

“ಬರದು?”

“ಕಂಪನಿಗೆ ಕೊಡ್ತೀನಿ. ಅವ್ರು ಅದನ್ನ ನೋಡಿ ಯಾದಗಿರ್ಯಾಗ ಒಂದು ಮಾದರಿ ಬಳಿ ಅಂಗಡಿ ಕಟ್ತಾರ.”

‘ಕಟ್ಟಿ?’ ಎಂದು ಮಲ್ಲು ಕೇಳಲಿಲ್ಲ. ನಾಳಿನ ಅಂಗಡಿಯಲ್ಲಿ ಬಳೆ ತೊಡಿಸುವವನಿಗೆ ಜಾಗ ಇರುತ್ತದೋ ಇಲ್ಲವೋ ಎಂಬುದು ಆ ನೀಲಿ ನೋಟ್‌ಬುಕ್ಕಿನೊಳಗೇ ತೀರ್ಮಾನವಾಗಲಿತ್ತು. ಆ ಗಳಿಗೆಯಿಂದ ಅವನು ಅದರ ಮೇಲೆ ಕಣ್ಣಿಟ್ಟ. ಅದನ್ನು ಹಿಡಿದವಳ ಮೇಲೆ ಕಣ್ಣಿಡಲಿಲ್ಲ, ದೇವರಾಣೆ.

ದೇವಕ್ಕನ ಸಂಶಯವೇ ಬೇರೆ. ಈ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ಅಂಗಡಿ ಬೀದಿಯಲ್ಲಿ ಗುಟ್ಟಾಗಿ ವಿಚಾರಿಸುವುದುಂಟು. ಮಗನನ್ನು ಒಳಗೆ ಕರೆದು ಪಿಸುಗುಟ್ಟಿದಳು: “ಏ ಮಲ್ಲ್ಯಾ, ಪ್ರಾಜೆಕ್ಟೂ ಇಲ್ಲ ಗೀಜೆಕ್ಟೂ ಇಲ್ಲ. ನಿನ್ನ ನೋಡಾಕ ಬಂದಾಳ. ಹೋಗು, ಇಸ್ತ್ರಿ ಅಂಗಿ ಹಾಕ್ಕೋ.”

“ಹುಡುಗೀನೇ ಬಂದು ನೋಡ್ತಾಳೇನವ್ವ?”

“ಈಗಿನ ಕಾಲ ಅದಪಾ. ಸ್ಟಾಪ್‌ವಾಚ್ ಹಿಡಕೊಂಡು ನೋಡ್ತಾರ.”

ಮಲ್ಲು ಇಸ್ತ್ರಿ ಅಂಗಿ ಹಾಕಿಕೊಂಡದ್ದು ಕಂಪನಿಯ ಮುಂದೆ ಸುರಪುರದ ಮರ್ಯಾದೆ ಉಳಿಸಲು. ಬೇರೆ ಕಾರಣ ಇರಲಿಲ್ಲ.

ಅಷ್ಟರಲ್ಲಿ ಕೊಡೇಕಲ್ಲಿನ ಸಾಯಬಮ್ಮ ಬಂದು ಕೈ ಚಾಚಿದಳು. ಹೊಲದಲ್ಲಿ ದುಡಿದು ಗಟ್ಟಿಯಾದ ಕೈ. ಮಲ್ಲು ಸೋಪಿನ ನೀರು ಸವರಿ, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತುತ್ತ ಕೇಳಿದ: “ಎಮ್ಮಿ ಈದದೇನಕ್ಕಾ?”

“ಈದದಪ್ಪ, ಹೆಣ್ಣು ಕರ! ಎರಡು ದಿನ ತ್ರಾಸ ಮಾಡ್ತು ನೋಡು…”

ಕತೆಯಲ್ಲಿ ಕರು ಎದ್ದು ನಿಲ್ಲುವುದರೊಳಗೆ ಕೈಯಲ್ಲಿ ಹನ್ನೆರಡು ಬಳೆ ಕೂತಿದ್ದವು. ಮಲ್ಲುವಿನ ಕಸುಬಿನ ಗುಟ್ಟು ಇಷ್ಟೇ. ಮಾತಿಗೆ ಕೂತ ಹೆಂಗಸು ಕೈಯನ್ನು ಮರೆಯುತ್ತಾಳೆ. ಮರೆತ ಕೈ ಮೆತ್ತಗಾಗುತ್ತದೆ. ಶಿರವಾಳದ ಅಜ್ಜಿಗೆ ಮೊಣಕಾಲಿನ ಸುದ್ದಿ, ವನದುರ್ಗದ ಸೊಸೆಗೆ ತವರಿನ ಸುದ್ದಿ. ಗೆಣ್ಣು ದಾಟುವ ಮುಂಚೆ ಬಳೆ ಒಡೆದರೆ ನಷ್ಟ ಅಂಗಡಿಯವನದು, ದಾಟಿದ ಮೇಲೆ ತೊಟ್ಟವರದು. ಅದು ಬಳೆ ಬೀದಿಯ ಕಾನೂನು.

ಭಾರತಿ ಸರಸರ ಬರೆದಳು. ಮಲ್ಲು ಬಳೆಯ ಸರದ ಸಂದಿನಿಂದ ಇಣುಕಿದ. ಹಾಳೆಯ ಕಡೆಯ ಸಾಲನ್ನು ಅವಳು ಅಂಗೈಯಿಂದ ಮುಚ್ಚಿಕೊಂಡು ಥಟ್ಟನೆ ತಲೆಯೆತ್ತಿದಳು. ಹಸಿರು ಬಳೆಗಳ ನಡುವೆ ಅವಳ ಎರಡು ಕಣ್ಣು, ರೆಪ್ಪೆ ಬಡಿಯಲಿಲ್ಲ. ಆ ನೋಟಕ್ಕೆ ತಲೆಯ ಮೇಲಿನ ಫ್ಯಾನ್ ನಿಂತೇಹೋಯಿತು. ಕರೆಂಟ್ ಹೋಗಿತ್ತು ಎನ್ನುವವರೂ ಇದ್ದಾರೆ, ಇರಲಿ.

“ಏನ್ ನೋಡಾಕತ್ತೀರಿ?”

“ಬಳಿ.”

“ಬಳಿ ನಿಮ್ಮ ಕಡೀನೇ ಅದಾವಲ್ರಿ.”

ಮೂರನೆಯ ದಿನ ದೇವಕ್ಕ ಪಟ್ಟು ಹಿಡಿದಳು. “ಬಳಿ ಅಂಗಡ್ಯಾಗ ಬರಿಗೈಲೆ ಕುಂತೀಯಲ್ಲವ್ವಾ! ಮಲ್ಲ್ಯಾ, ಇಡು ಒಂದು ಡಜನ್, ನನ್ನ ಕಡಿಂದ.”

ಭಾರತಿ ಹಿಂಜರಿಯುತ್ತಲೇ ಎದುರಿನ ಸ್ಟೂಲಿಗೆ ಬಂದಳು. ಕೈ ಸಣ್ಣದು, ಎರಡು-ನಾಲ್ಕರ ಅಳತೆ, ತೋರುಬೆರಳಿನ ಮೇಲೆ ನೀಲಿ ಇಂಕು. ಮಲ್ಲು ಆ ಕೈ ಹಿಡಿದು, ಎಂದಿನಂತೆ ಕೇಳಿದ: “ನಿಮ್ಮೂರು ಯಾವ್ದ್ರಿ?”

“ಯಾಕ್ರಿ?”

ಕೈ ಕಲ್ಲಾಯಿತು. ಟಪ್. ಒಂದು ಹೋಯಿತು.

“ಮನ್ಯಾಗ ಯಾರ್ಯಾರ ಅದಾರ?”

“ಇಷ್ಟೆಲ್ಲ ಯಾಕ ವಿಚಾರಸ್ತೀರಿ?”

ಟಪ್.

ಹೀಗೆ ಆರು ಒಡೆದವು. ಇವನ್ನು ಲೆಕ್ಕಕ್ಕೆ ಹಿಡಿಯಬಾರದು. ಮಲ್ಲುವಿನ ಕೈಗೆ ಒಡೆದವಲ್ಲ ಅವು, ಅವಳ ಸಂಶಯಕ್ಕೆ ಒಡೆದವು.

ಭಾರತಿ ಚೂರುಗಳನ್ನು ನೋಡಿದಳು, ಅವನನ್ನು ನೋಡಿದಳು. ಹುಬ್ಬು ಮೇಲೇರಿತು. “ಕೈ ಹಿಡಕೊಂಡಿರಾಕ ಬೇಕಂತಲೇ ಒಡ್ಯಾಕತ್ತೀರೇನು?”

“ಅಯ್ಯ! ನಷ್ಟ ನನಗ್ರಿ!”

“ಅದಕ್ಕೇ ಸಂಶಯ ಬಂದದ್ದು. ನಷ್ಟ ಮಾಡ್ಕೊಂಡು ಯಾರರ ಕೈ ಹಿಡೀತಾರೇನು?”

ಮಲ್ಲುವಿನ ಕಿವಿ ಕುಂಕುಮದ ಬಣ್ಣಕ್ಕೆ ತಿರುಗಿತು. ಡಜನ್‌ನಲ್ಲಿ ಏರಿದ್ದು ನಾಲ್ಕೇ, ಎರಡು ದಾರದಲ್ಲೇ ಉಳಿದವು. ಆ ನಾಲ್ಕನ್ನೇ ಆಡಿಸುತ್ತ ಅವಳು ಮರುದಿನವೂ ಬಂದಳು. ಒಂದು ಫರಕು ಮಾತ್ರ ಇತ್ತು. “ಅಣ್ಣಾರ” ಎನ್ನುವ ಮಾತು ಶಹಾಪುರ–ಸುರಪುರದ ದಾರಿಯಲ್ಲಿ ಎಲ್ಲೋ ಬಸ್ಸಿನಿಂದ ಬಿದ್ದುಹೋಗಿತ್ತು. “ರೀ ಮಲ್ಲು ಅವ್ರ, ಚಾ ತರಸ್ರಿ” ಅಂದಳು. ಅವತ್ತು ಮಲ್ಲು ಹದಿನೆಂಟು ಸಲ ಚಾ ತರಿಸಿದ.

ಎಂಟನೆಯ ದಿನ ಕಂಪನಿಯ ಅರ್ಜುನ ಬಂದ. ಬಿಳಿ ಬೂಟು, ಕೈಯಲ್ಲಿ ಬಿಳಿ ಪೆಟ್ಟಿಗೆ. ನಾದಿನಿಗೆ ಬಳೆ ಕೊಡಿಸಲು ಸಾಯಬಮ್ಮ ಮತ್ತೆ ಬಂದಿದ್ದಳು. “ಇದರೊಳಗೆ ಕೈ ಇಡಿ ಅಮ್ಮ, ಹೆದರ್ಕೋಬೇಡಿ” ಎಂದ ಅರ್ಜುನ. ನಾದಿನಿ ಕೈ ಇಟ್ಟಳು. ನೀಲಿ ಬೆಳಕು ಸುಳಿಯಿತು. ಗಾಜಿನ ಮೇಲೆ ಅಂಕಿ ಮೂಡಿತು: ಎರಡು-ಆರು.

ಮಲ್ಲು ಮನಸ್ಸಿನಲ್ಲಿ ಹೇಳಿಕೊಂಡದ್ದೂ ಅದೇ ಅಳತೆ.

“ನಾಲ್ಕು ಸೆಕೆಂಡ್ ಸರ್” ಎಂದು ಭಾರತಿ ಸ್ಟಾಪ್‌ವಾಚ್ ನೋಡಿ ಅರ್ಜುನನ ಕಡೆ ನಕ್ಕಳು. ಆ ನಗು ಮಲ್ಲುವಿನ ಎದೆಯಲ್ಲಿ ಟಪ್ ಎಂದಿತು. ಮುಂದೆ ನಡೆದದ್ದನ್ನು ಅವನು ನೋಡಲೇ ಇಲ್ಲ. ಯಾರೋ ಕೈ ಚಾಚಿದರು, ಕೈ ತಾನಾಗಿ ಬಳೆ ತೊಡಿಸಿತು. ಕಣ್ಣು ಆ ಬಿಳಿ ಪೆಟ್ಟಿಗೆಯ ಮೇಲೇ ಇತ್ತು.

ಅರ್ಜುನ ಹೋದ ಮೇಲೆ ಅವನು ದುಡ್ಡಿನ ಗಲ್ಲೆಯ ಹಿಂದಿನಿಂದಲೇ ಹೇಳಿದ: “ನಾಳಿಂದ ಬರಬ್ಯಾಡ್ರಿ ಮೇಡಂ. ನಿಮ್ಮ ಕೆಲಸ ಮುಗೀತಲ್ಲ.”

ಅವನ ಬಾಯಿಂದ ‘ಮೇಡಂ’ ಬಂದದ್ದು ಅದೇ ಮೊದಲು. ಭಾರತಿ ಪೆನ್ನು ಮುಚ್ಚಿದಳು. “ಹತ್ತು ದಿನ ಅಂದಿದ್ದೆ. ಇನ್ನ ಎರಡು ಅದಾವು.”

“ಆ ಕಡೀ ಸಾಲಿನ್ಯಾಗ ಏನ್ ಬರದೀರಿ? ಎಂಟು ದಿನದಿಂದ ಮುಚ್ಕೊಂಡು ಕುಂತೀರಿ. ನನ್ನ ತಪ್ಪೇ ಹೌದಲ್ರಿ? ಎಷ್ಟು ಹೊತ್ತು ಹಚ್ಚಿದ, ಎಷ್ಟು ಮಾತಾಡಿದ, ಎಷ್ಟು ಒಡದ. ಪೆಟ್ಟಿಗಿ ಮುಂದ ನನ್ನ ತೂಗಾಕ ಬಂದಿದ್ರಿ.”

ಅವಳು ಸ್ಟೂಲನ್ನು ಮೂಲೆಗೆ ಸರಿಸಿದಳು. ನೋಟ್‌ಬುಕ್ ಚೀಲಕ್ಕೆ ತುರುಕಿ ಇಳಿದು ಹೋದಳು. ನಾಲ್ಕು ಬಳೆಯ ಸಪ್ಪಳ ಬೀದಿಯ ತಿರುವಿನವರೆಗೂ ಕೇಳಿಸಿತು.

ಮರುದಿನ ಸ್ಟೂಲ್ ಖಾಲಿ. ಮಲ್ಲುವಿಗೆ ಏನೂ ಅನಿಸಲಿಲ್ಲ. ಬೀದಿಯ ಕಡೆ ಒಮ್ಮೆಯೂ ನೋಡಲಿಲ್ಲ. ವನದುರ್ಗದ ಸೊಸೆಗೆ ‘ತವರಿಂದ ಫೋನ್ ಬಂದಿತ್ತೇನು’ ಅಂತ ಮೂರು ಸಲ ಕೇಳಿದ, ಅಷ್ಟೇ. “ಯಣ್ಣಾ, ಕಿವಿ ಕೇಳಾಂಗಿಲ್ಲೇನು?” ಅಂದಳು ಅವಳು.

ಹತ್ತನೆಯ ದಿನ ಭಾರತಿ ಬಂದಳು. ನೋಟ್‌ಬುಕ್ ಬಿಚ್ಚಿ ಅವನ ಕೈಗೆ ಕೊಟ್ಟಳು. ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದ ಸಾಲು ಅವನೆದುರಿಗಿತ್ತು.

‘ಕೊಡೇಕಲ್ ಸಾಯಬಮ್ಮ: ಎಮ್ಮಿ ಈದದೇನು? ಶಿರವಾಳದ ಅಜ್ಜಿ: ಮೊಣಕಾಲು ಹೆಂಗದ? ವನದುರ್ಗದ ಸೊಸಿ: ತವರಿಂದ ಫೋನ್ ಬಂದಿತ್ತೇನು?’

ಎಂಟು ದಿನ ಅವನು ಕೇಳಿದ ಪ್ರಶ್ನೆಗಳು. ಒಂದನ್ನೂ ಬಿಟ್ಟಿರಲಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ: ‘ಪೆಟ್ಟಿಗೆ ಸರಿಯಾದ ಅಳತೆ ಹೇಳಿತು. ಆದರೂ ನಾದಿನಿ ತಾನೇ ತೊಟ್ಟುಕೊಳ್ಳಲಿಲ್ಲ. ಮಲ್ಲುವಿನ ಮುಂದೆ ಹೋಗಿ ಕೈ ಚಾಚಿದಳು. ನಾಳಿನ ಅಂಗಡಿಯಲ್ಲಿ ಎದುರುಬದುರು ಎರಡು ಸ್ಟೂಲ್ ಬೇಕೇ ಬೇಕು. ಕೈ ಹಿಡಿದು ಮನೆಯ ಸುದ್ದಿ ಕೇಳುವವರು ಬೇಕು.’

“ನಿನ್ನಿ ಯಾದಗಿರ್ಯಾಗ ಇದನ್ನೇ ಓದಿದೆ” ಎಂದಳು. “ಎರಡು ಸ್ಟೂಲಿಗೆ ಜಾಗ ಸಾಲಲ್ಲ ಅಂದ್ರು ಅರ್ಜುನ್ ಸರ್. ಹಂಗಾದ್ರ ಪೆಟ್ಟಿಗಿ ತಗೀರಿ ಅಂದೆ. ಒಂದು ತಾಸು ಜಗಳ ಆತು. ಕಡೀಕ ಪೆಟ್ಟಿಗೀನೂ ಇರ್ಲಿ, ಸ್ಟೂಲೂ ಇರ್ಲಿ ಅಂದ್ರು.”

ಮಲ್ಲುವಿನ ಕಣ್ಣು ಹಾಳೆಯ ತುದಿಯಲ್ಲಿ ನಿಂತಿತ್ತು. ‘ಭಾರತಿ: ಊರು ಯಾವ್ದು? ಮನ್ಯಾಗ ಯಾರ್ಯಾರ ಅದಾರ? ಉತ್ತರ ಕೊಟ್ಟಿಲ್ಲ. ಒಡೆದದ್ದು ಆರು.’

“ಈಗ ಕೊಡ್ತೀನಿ” ಎಂದು ಅವಳು ಎದುರಿನ ಸ್ಟೂಲಿನಲ್ಲಿ ಕೂತು ಕೈ ಚಾಚಿದಳು. “ಊರು ಶಹಾಪುರ. ಮಾಳಗಿ ಮ್ಯಾಲ ನಿಂತ್ರ ಮಲಗಿದ ಬುದ್ಧನ ಗುಡ್ಡ ಕಾಣ್ತದ. ಅಪ್ಪಂದು ಕಿರಾಣಿ ಅಂಗಡಿ. ತಂಗಿ ಗಂಗಾ, ಬಾಯಿ ಭಾಳ ಜೋರು. ಅವ್ವ ಅದಾಳ. ಅವ್ವಗ ನಿಮ್ಮ ವಿಷಯ ಹೇಳೀನಿ.”

“ಏ… ಏನಂತ?”

“ಹುಡುಗನ್ನ ಎಂಟು ದಿನ ಸ್ಟಾಪ್‌ವಾಚ್ ಹಿಡಕೊಂಡು ನೋಡೀನಿ, ಮನಿಗಿ ಕರೀಬಹುದು ಅಂತ.”

“ನಾ ಅಂದಿದ್ದಿಲ್ಲೇನು!” ಎಂದು ಒಳಗಿನಿಂದ ದೇವಕ್ಕ ಕೂಗಿದಳು.

ಆ ಕೈ ಬೆಣ್ಣೆಯಾಗಿತ್ತು. ಮಲ್ಲು ಹನ್ನೆರಡು ಹಸಿರು ಬಳೆಗಳನ್ನು ಒಂದೇ ಉಸಿರಿನಲ್ಲಿ ಏರಿಸಿದ. ಒಂದೂ ಒಡೆಯಲಿಲ್ಲ. ಆ ಗಲಗಲಕ್ಕೆ ಯಾದಗಿರಿ ಕೋಟೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಇಷ್ಟು ಬರೆಯುವುದರೊಳಗೆ ಹೆಗಲ ಹಿಂದಿನಿಂದ ಒಂದು ಕೈ ಬಂದು ‘ಒಂದೂ ಒಡೆಯಲಿಲ್ಲ’ ಎನ್ನುವ ಮಾತಿನ ಮೇಲೆ ಬೆರಳಿಟ್ಟಿದೆ. ಎರಡು-ನಾಲ್ಕರ ಕೈ. ತೋರುಬೆರಳಿನ ಮೇಲೆ ನೀಲಿ ಇಂಕು.

“ರೀ, ನೋಟ್‌ಬುಕ್ ತರ್ಲೇನು?”

ಬೇಡ. ಎರಡು ಒಡೆದವು. ಅವಳ ಕೈ ಮೆತ್ತಗೇ ಇತ್ತು. ನಡುಗಿದ್ದು ತೊಡಿಸುವವನ ಕೈ. ಆ ಕೈ ನನ್ನದು, ಮಲ್ಲು ನಾನೇ. ಹನ್ನೊಂದು ವರ್ಷದಲ್ಲಿ ನಾನು ಒಡೆದ ಬಳೆಗಳಿಗೆ ಲೆಕ್ಕವಿಲ್ಲ, ಅವ್ವನನ್ನು ಕೇಳಬಹುದು. ಬಸ್ ಹತ್ತಿದವರ ಅಳತೆಯೂ ನನಗೆ ಗೊತ್ತಾಗುವುದಿಲ್ಲ. ಸ್ಟೂಲ್ ಖಾಲಿಯಿದ್ದ ಆ ದಿನ ಶಹಾಪುರದಿಂದ ಬಂದ ಒಂದೊಂದು ಬಸ್ಸಿಗೂ ಎದ್ದು ಬಾಗಿಲಿಗೆ ಹೋಗಿ ನಿಂತಿದ್ದೆ, ಕಡೆಯ ಬಸ್ಸಿನವರೆಗೆ. ಗಲ್ಲೆಯ ಮೇಲೆ ಒಂದು ಡಜನ್ ಎರಡು-ನಾಲ್ಕು ಕಟ್ಟಿ ಇಟ್ಟಿದ್ದೆ.