ಪಾಯದಿಂದ ಮೇಲೆ

"ನಿನಗ ಒಂದ್ ಮನಿ ನಾನೇ ಕಟ್ಟಿಕೊಡ್ತೀನಿ. ಇಟ್ಟಂಗಿ ಮನಿ. ಈ ಕಡಿ ಪಿಸುಗುಟ್ಟಿದ್ರ ಆ ಕಡಿ ಕೇಳಬಾರ್ದು, ಅಂಥಾ ಗ್ವಾಡಿ."

ಮಾರತ್ತಹಳ್ಳಿಯ ತಗಡಿನ ಶೆಡ್ಡುಗಳ ಸಾಲಿನಲ್ಲಿ ನಿಂತು ಈರೇಶ ಪ್ರಿಯದರ್ಶಿನಿಗೆ ಹೀಗೆ ಮಾತು ಕೊಟ್ಟಿದ್ದ. ಆಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಇಬ್ಬರ ಅಪ್ಪ ಅಮ್ಮಂದಿರೂ ಯಾದಗಿರಿ ಕಡೆಯಿಂದ ಬಂದು ಒಂದೇ ಅಪಾರ್ಟ್‌ಮೆಂಟಿಗೆ ಗಾರೆ ಹೊರುತ್ತಿದ್ದರು. ಅವನ ಮಾತು ಮುಗಿಯುವ ಹೊತ್ತಿಗೆ ತಗಡಿನ ಆಚೆ ಯಾರೋ ಬೇಕಂತಲೇ ಕೆಮ್ಮಿದರು. ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಕಟ್ಟಡ ಮುಗಿಯಿತು. ಶೆಡ್ಡು ಬಿಚ್ಚಿ ಲಾರಿಗೆ ಹಾಕಿದರು. ಅವಳ ಮನೆಯವರು ಒಂದು ದಿಕ್ಕಿಗೆ, ಇವನ ಮನೆಯವರು ಇನ್ನೊಂದು ದಿಕ್ಕಿಗೆ. ಅವಳ ಮದುವೆಯ ಸುದ್ದಿ ಇವನಿಗೆ ಮುಟ್ಟುವಾಗ ಅವಳ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು.

ಆಮೇಲೆ ಅವನೂ ಮದುವೆಯಾದ. ಮೇಸ್ತ್ರಿಯಾದ. ಬೇರೆಯವರ ಮನೆಗಳನ್ನು ಕಟ್ಟುತ್ತ ಕೆ.ಆರ್. ಪುರದ ಬಾಡಿಗೆ ರೂಮಿನಲ್ಲಿ ಉಳಿದ.

ಜೀವನ್ ಬಿಮಾ ನಗರದಲ್ಲಿ ಒಂದು ಕಾಂಪೌಂಡ್ ರಿಪೇರಿ ಮಾಡುವಾಗ ಪರಿಚಯವಾದವರು ಜಗದೀಶ್. ಕೆಲಸ ನೋಡಿ ಮೆಚ್ಚಿ, ಕೆ.ಆರ್. ಪುರದ ಆಚೆ ನಮ್ಮದೊಂದು ಸೈಟಿದೆ, ಇಡೀ ಮನೆ ನೀವೇ ಕಟ್ಟಿಕೊಡಿ ಅಂದಿದ್ದರು. ವಾರ ಕಳೆದ ಮೇಲೆ ಅವರದೇ ಫೋನ್ ಬಂತು: "ಸಾರಿ ಮೇಸ್ತ್ರಿ, ಪಾಯ ಮಾತ್ರ ನಿಮ್ಮದು. ಮೇಲಿಂದು ನಮ್ಮ ಮನೆಯವಳು ಬೇರೆ ಏನೋ ಅಂತಾಳೆ."

ಆ ಮನೆಯವಳು ಸೈಟಿನ ಮುಂದೆ ಸ್ಕೂಟರಿನಿಂದ ಇಳಿದು ಹೆಲ್ಮೆಟ್ ತೆಗೆದಾಗ ಈರೇಶನ ಕೈಯಲ್ಲಿದ್ದ, ಪಾಯದ ಗುರುತು ಹಾಕುವ ನೂಲುಂಡೆ ಕೆಳಗೆ ಬಿತ್ತು.

ಹೆಲ್ಮೆಟ್ಟಿಗೆ ಸಿಕ್ಕಿದ್ದ ಕೂದಲನ್ನು ಅವಳು ಮೆಲ್ಲಗೆ ಬಿಡಿಸಿಕೊಂಡಳು. ಅವಳ ನೋಟ ಅವನ ಮುಖದ ಮೇಲೆ ನಿಲ್ಲಲಿಲ್ಲ. ಎಡಗೈಗೆ ಇಳಿಯಿತು, ಶೆಡ್ಡಿನ ದಿನಗಳಲ್ಲೇ ಅರ್ಧ ಕಳೆದುಹೋಗಿದ್ದ ಕಿರುಬೆರಳಿನ ಮೇಲೆ ಒಂದು ಗಳಿಗೆ ಕೂತಿತು, ಎದ್ದು ಹೋಯಿತು.

"ನಮಸ್ಕಾರ ರೀ," ಅಂದಳು. ಅಪರಿಚಿತರಿಗೆ ಅನ್ನುವ ಹಾಗೆ.

"ಮೇಸ್ತ್ರಿ, ನೀವಾದ್ರೂ ಇವಳಿಗೆ ಸ್ವಲ್ಪ ಹೇಳ್ರೀ," ಅಂದರು ಜಗದೀಶ್. "ನಂಗೆ ಇಟ್ಟಿಗೆ ಮನೇನೇ ಇಷ್ಟ. ಇವಳು ಇಂದಿರಾನಗರದ ಶೋರೂಮಿಗೆ ಹೋಗಿ ಬಂದಾಗಿಂದ ಮಾಡ್ಯುಲರ್ ಮಾಡ್ಯುಲರ್ ಅಂತ ಒಂದೇ ಹಠ. ಫ್ಯಾಕ್ಟರೀಲಿ ರೂಮು ರೆಡಿ ಮಾಡಿ, ಕ್ರೇನಲ್ಲಿ ತಂದು ಇಳಿಸ್ತಾರಂತೆ. ಅದು ಮನೆಯೋ, ಫ್ರಿಜ್ಜೋ?"

"ಫ್ರಿಜ್ಜಾದ್ರೆ ನೀವು ಬಾಗಿಲು ತೆಗೆದು ನಿಂತೇ ಇರ್ತೀರಲ್ಲ, ಒಳ್ಳೇದೇ ಆಯ್ತು," ಅಂದಳು ಪ್ರಿಯದರ್ಶಿನಿ.

ಜಗದೀಶ್ ಹೊಟ್ಟೆ ಕುಲುಕಿಸಿ ನಕ್ಕರು. ಈರೇಶನಿಗೂ ನಗು ಬಂತು. ಅದನ್ನು ಅಲ್ಲೇ ತಡೆದುಕೊಂಡ.

"ಇಟ್ಟಿಗೆ ಮನೆ ಬೇಸಿಗೇಲಿ ತಂಪಾಗಿರುತ್ತೆ ಮೇಡಂ. ಕಿಟಕಿ ಇಲ್ಲಿ ಬೇಡ, ಅಲ್ಲಿ ಬೇಕು ಅನ್ನಿಸಿದ್ರೆ ಕಟ್ಟುವಾಗಲೇ ಹೇಳಬಹುದು. ಮುಂದೆ ಮಗಳಿಗೆ ಅಂತ ಮೇಲೊಂದು ರೂಮು ಹಾಕಬಹುದು."

"ಎಷ್ಟು ದಿನ ಹಿಡಿಯುತ್ತೆ?"

"ಒಂದು ವರ್ಷ. ಮಳೆ ಹಿಡಿದ್ರೆ ಸ್ವಲ್ಪ ಜಾಸ್ತಿ."

"ಅಷ್ಟೂ ದಿನ ನೀವು ಬರ್ತಾನೇ ಇರ್ಬೇಕು?"

"ಬರಲೇಬೇಕಲ್ಲ. ಗೋಡೆಗೆ ನೀರು ಹಾಕದೆ ಬಿಟ್ರೆ ಬಿರುಕು ಬಿಡುತ್ತೆ."

"ಅವರದ್ದು ಎರಡೇ ತಿಂಗಳು," ಅವಳು ನೆಲ ನೋಡುತ್ತ ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಅಳತೆ ತಪ್ಪಲ್ಲ. ಮರಳಿನ ರಾಶಿ ಇಲ್ಲ, ಧೂಳಿಲ್ಲ, ಪಕ್ಕದವರ ಜೊತೆ ಜಗಳ ಇಲ್ಲ."

"ತಟ್ಟಿದ್ರೆ ಗೋಡೆ ಸದ್ದು ಮಾಡಲ್ವಾ?"

ಆಗ ಅವಳು ಮೊದಲ ಸಲ ಅವನ ಕಣ್ಣು ನೋಡಿದಳು. ರೆಪ್ಪೆ ಒಮ್ಮೆ ಇಳಿದು ಎದ್ದಿತು.

"ಮಾಡುತ್ತೆ. ನಂಗೆ ಅಭ್ಯಾಸ ಇದೆ."

ತನ್ನ ಕೈ ಕಟ್ಟಿದ ಗೋಡೆ ಅವಳಿಗೆ ಬೇಡವಾಗಿದೆ ಅಂದುಕೊಂಡ ಈರೇಶ. ಮಾತಾಡದೆ ಗುಂಡಿ ತೋಡಿದ. ಜೊತೆಗಿದ್ದ ಕೆಲಸಗಾರ ಅಂಬಣ್ಣನಿಗೆ ಮಾತಿಲ್ಲದೆ ಕೆಲಸ ಸಾಗದು. "ಏನಲೇ ಈರ್ಯಾ, ಮಳ್ಯಾಗ ತೊಯ್ದ ಸಿಮೆಂಟ್ ಚೀಲದಂಗ ಆಗ್ಯಾದಲ್ಲೋ ನಿನ್ ಮಾರಿ?"

ಸಂಜೆ ತಾನು ಕೆಲಸ ಮಾಡುವ ಲ್ಯಾಬಿನ ಡ್ಯೂಟಿ ಮುಗಿಸಿ ಪ್ರಿಯದರ್ಶಿನಿ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು. ಅಂಬಣ್ಣನಿಗೆ ಎಷ್ಟು ಸಕ್ಕರೆ ಅಂತ ಕೇಳುವಳು, ಈರೇಶನಿಗೆ ಕೇಳದೆಯೇ ಎರಡು ಚಮಚ ಹಾಕುವಳು. ಅದು ಅಂಬಣ್ಣನ ಕಣ್ಣಿಗೂ ಬಿತ್ತು. ಅವನು ಚಹಾ ಊದುತ್ತ ಬೇರೆಲ್ಲೋ ನೋಡಿದ.

"ನಿಮ್ಮ ಮನೆಯವರು ಇಲ್ಲೇ ಇದ್ದಾರಾ?" ಒಂದು ದಿನ ಕೇಳಿದಳು.

"ಇಲ್ಲ ಮೇಡಂ. ಕೊರೊನಾದಲ್ಲಿ ಹೋಗ್ಬಿಟ್ಟಳು. ಮಗಳು ಊರಲ್ಲಿ, ನಮ್ಮವ್ವನ ಹತ್ರ. ದಿನಾ ಸಂಜೆ ಫೋನ್ ಮಾಡ್ತಾಳೆ, ಉಂಡೆಯೇನಪ್ಪಾ ಅಂತ."

ಮರುದಿನ ಚಹಾದ ಜೊತೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಂತು. ಕೊಡುವಾಗ ಪ್ರಿಯದರ್ಶಿನಿ ಮುಖ ಬೇರೆ ಕಡೆ ತಿರುಗಿಸಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

ಪಾಯದ ಕಾಂಕ್ರೀಟು ಗಟ್ಟಿಯಾದ ಮೇಲೆ ಮಾಡ್ಯುಲರ್ ಕಂಪನಿಯ ಇಂಜಿನಿಯರ್ ಮಹೀನ್ ನೋಡಲು ಬಂದಳು. ಸುತ್ತ ನಡೆದು, ಮೂಲೆಯಲ್ಲಿ ನಿಂತುಬಿಟ್ಟಳು.

"ಮೇಸ್ತ್ರಿ, ಇದೇನು ಕಾಲಂ ಸರಳು ಬಿಟ್ಟಿದ್ದೀರಾ? ನಮಗೆ ಬೋಲ್ಟ್ ಮಾತ್ರ ಸಾಕಲ್ವಾ? ಇವಿದ್ರೆ ರೂಮಿನ ಬಾಕ್ಸ್ ಕೂರಲ್ಲ."

ಪ್ರತಿ ಮೂಲೆಯಲ್ಲೂ ಇಟ್ಟಿಗೆ ಮನೆಯ ಕಂಬಕ್ಕೆ ಬೇಕಾಗುವ ಸರಳುಗಳು ಮೊಣಕಾಲೆತ್ತರಕ್ಕೆ ಎದ್ದಿದ್ದವು. ಈ ಊರಿನಲ್ಲಿ ಯಾರ ಮನೆಯ ತಾರಸಿ ನೋಡಿದರೂ ಹಾಗೇ, ಮುಂದೆಂದೋ ಇನ್ನೊಂದು ಮಹಡಿ ಎಬ್ಬಿಸೋಣ ಅಂತ ಸರಳು ಬಿಟ್ಟಿರುತ್ತಾರೆ.

"ಅಭ್ಯಾಸ ಬಲ ಮೇಡಂ. ಕೈ ತಪ್ಪಿ ಆಗ್ಬಿಡ್ತು."

ಸರಳು ಕಟ್ಟುವಾಗ ಯಾರ ಕೈಯೂ ಹಾಗೆ ತಪ್ಪುವುದಿಲ್ಲ. ಅಂಬಣ್ಣ ಬೀಡಿ ನೆಪ ಮಾಡಿ ರಸ್ತೆಗೆ ಹೋದ.

"ಓನರನ್ನ ಕೇಳಿಬಿಡಿ," ಅಂದಳು ಮಹೀನ್. "ಇಟ್ಟಿಗೆ ಮನೇನೇ ಬೇಕು ಅಂದ್ರೆ ಇವತ್ತೇ ಹೇಳ್ಲಿ. ಫ್ಯಾಕ್ಟರೀಲಿ ಇನ್ನೂ ಶುರು ಮಾಡಿಲ್ಲ. ಬೇಡ ಅಂದ್ರೆ ಕಟ್ ಮಾಡಿ."

ಜಗದೀಶ್‌ಗೆ ಫೋನ್ ಮಾಡಿದರೆ ಅವರಿಗೆ ಖುಷಿಯೋ ಖುಷಿ. "ಸೂಪರ್ ಮೇಸ್ತ್ರಿ! ನಂದಂತೂ ವೋಟು ಸರಳಿಗೆ. ಆದ್ರೆ ಅವಳು ಏನಂತಾಳೋ ಅದೇ ಫೈನಲ್."

ಸಂಜೆ ಪ್ರಿಯದರ್ಶಿನಿ ಬಂದಳು. ಕೈಯಲ್ಲಿ ಫ್ಲಾಸ್ಕಿರಲಿಲ್ಲ, ಒಂದು ಬಟ್ಟೆಯ ಚೀಲವಿತ್ತು. ಮೂಲೆಗೆ ಹೋಗಿ ಬಗ್ಗಿ ಒಂದು ಸರಳನ್ನು ಹಿಡಿದಳು. ದಿನವೆಲ್ಲ ಬಿಸಿಲು ಕುಡಿದು ಅದಿನ್ನೂ ಬೆಚ್ಚಗಿತ್ತು.

"ಯಾಕ ಬಿಟ್ಟಿ ಈರ್ಯಾ?"

ಮೇಸ್ತ್ರಿ ಅನ್ನಲಿಲ್ಲ, ರೀ ಅನ್ನಲಿಲ್ಲ. ಇಷ್ಟು ದಿನ ಅವಳ ಬಾಯಲ್ಲಿ ಕೇಳದ ಊರ ಮಾತು.

"ನಿನಗ ಗೊತ್ತಿಲ್ಲೇನು?"

"ಗೊತ್ತದ. ಆದ್ರೂ ಹೇಳು."

"ಮಾತ್ ಕೊಟ್ಟೀನಲ್ಲ. ವರ್ಷ ಪೂರಾ ನಿಂತು ಕಟ್ಟತೀನಿ, ಒಂದ್ ಬಿರುಕು ಬರಗೊಡಲ್ಲ. ನನ್ ಕೆಲಸ ಅಷ್ಟು ಕಡಿಮಿ ಕಾಣ್ತೇನು ನಿನಗ, ಆ ಡಬ್ಬಿ ಮನಿ ಬೇಕಾಯ್ತು?"

ಅವಳು ನಕ್ಕಳು. ನಗುವಿನ ಅರ್ಧಕ್ಕೇ ಕಣ್ಣು ತುಂಬಿತು.

"ಹುಚ್ಚಪ್ಪ. ಜಗದೀಶ್ ಅವತ್ತು ಮನಿಗಿ ಬಂದು, ಈರೇಶ ಅಂತ ಮೇಸ್ತ್ರಿ ಸಿಕ್ಕಿದಾರೆ, ಯಾದಗಿರಿಯವರು, ಕಿರುಬೆರಳು ಅರ್ಧ ಇಲ್ಲ, ಕೆಲಸ ಮಾತ್ರ ಚಿನ್ನ ಅಂದ್ರು. ಮರುದಿನಾನೇ ನಾ ಆ ಶೋರೂಮಿಗೆ ಓಡಿದೆ."

"ಯಾಕ?"

"ಒಂದ್ ವರ್ಷ ಈರ್ಯಾ! ದಿನಾ ನೀ ಬರೋದು, ದಿನಾ ನಾ ಚಾ ತರೋದು. ಪಾಯ ಮುಗಿಯೋದ್ರಾಗೇ ನಾ ಹೆಂಗಾಗೀನಿ ಗೊತ್ತೇನು? ಕುಕ್ಕರ್ ಇಟ್ಟು ನಿಂತಿರ್ತೀನಿ, ಸೀಟಿ ಕೇಳಂಗಿಲ್ಲ. ಮಗಳು ಬಂದು ಒಲಿ ಆರಿಸ್ತಾಳ. ಅಮ್ಮ, ಎಲ್ಲಿದ್ದೀಯ ಅಂತಾಳ."

ಅವಳು ಸರಳಿನಿಂದ ಕೈ ತೆಗೆದಳು.

"ಜಗದೀಶ್ ಒಳ್ಳೇ ಮನುಷ್ಯ. ಒಂದಿನ ಬೈದವರಲ್ಲ. ಅದು ಸಣ್ಣ ಮಾತಲ್ಲ. ನೀ ಕಟ್ಟಿದ ಮನಿಯೊಳಗ, ಅವ್ರ ಜೋಡಿ, ನಾ ಹೆಂಗ ಇರ್ಲಿ? ಯಾವ ಗ್ವಾಡಿ ಮುಟ್ಟಿದ್ರೂ ನೀನೇ ಇರ್ತಿ."

ಬೀದಿಯಲ್ಲಿ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತ ಹೋಯಿತು. ಈರೇಶ ಸರಳು ಕತ್ತರಿಸುವ ಗ್ರೈಂಡರನ್ನು ಕೈಗೆತ್ತಿಕೊಂಡ.

"ಕತ್ತರಿಸ್ಲೇನು?" ಅಂತ ಕೇಳಿದ.

"ಕತ್ತರಿಸು. ನಾ ಇಲ್ಲೇ ನಿಂತಿರ್ತೀನಿ."

ಗ್ರೈಂಡರ್ ಕಿರುಚಿತು. ಕಿಡಿಗಳು ಅವನ ಪಾದದ ಸುತ್ತ ಉದುರಿದವು. ಒಂದೊಂದೇ ಸರಳು ಕಾಂಕ್ರೀಟಿನ ಮಟ್ಟಕ್ಕೆ ತುಂಡಾಗಿ ಬಿತ್ತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ, ಕಣ್ಣೂ ಮುಚ್ಚಿಕೊಳ್ಳಲಿಲ್ಲ.

ಕೊನೆಯದೂ ಮುಗಿದ ಮೇಲೆ ಚೀಲದಿಂದ ಒಂದು ಪಂಚೆ, ಶಲ್ಯ, ಎಲೆ ಅಡಿಕೆ ತೆಗೆದಳು.

"ಬಾಗಿಲು ನಿಲ್ಲಿಸೋ ಪೂಜಿ ದಿನ ಮೇಸ್ತ್ರಿಗೆ ಕೊಡಬೇಕಾದ್ದು. ಈ ಮನಿ ಬಾಗಿಲು ಗ್ವಾಡಿ ಜೋಡೀನೇ ಬರ್ತದ. ಆ ದಿನ ಇದಕ್ಕಿಲ್ಲ."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಬೆರಳಿಗೆ ಬೆರಳು ತಾಕಲಿಲ್ಲ. ತಾಕದ ಹಾಗೆ ಇಬ್ಬರೂ ನೋಡಿಕೊಂಡರು.

ಗೇಟಿನ ಹತ್ತಿರ ಅವಳು ತಿರುಗಿದಳು. "ನಾಳೆಯಿಂದ ನಾನು ಬರಲ್ಲ ರೀ, ಮೇಸ್ತ್ರಿ."

"ಆಯ್ತು ಮೇಡಂ," ಅಂದ.

ಎರಡು ತಿಂಗಳಿಗೆ ಸರಿಯಾಗಿ ಕ್ರೇನ್ ಬಂತು. ಕಿಟಕಿ, ಬಾಗಿಲು, ಬಲ್ಬು ಸಮೇತ ರೂಮುಗಳು ಗಾಳಿಯಲ್ಲಿ ತೂಗಿ ಪಾಯದ ಮೇಲೆ ಇಳಿದವು. ಬೋಲ್ಟು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. "ನಿಮ್ಮ ಪಾಯ ಪಕ್ಕಾ ಮೇಸ್ತ್ರಿ! ಗೃಹಪ್ರವೇಶಕ್ಕೆ ಬರ್ಲೇಬೇಕು," ಅಂತ ಜಗದೀಶ್ ಫೋನಿನಲ್ಲಿ ಕೂಗಿದರು. ಕಮ್ಮನಹಳ್ಳಿಯಲ್ಲಿ ಕೆಲಸ ಹಿಡಿದಿದ್ದೀನಿ ಸರ್, ಆಗಲ್ಲ ಅಂದ ಈರೇಶ.

ಪ್ರಿಯದರ್ಶಿನಿ ಹೊಸ ಮನೆಗೆ ಹೋದಳು. ಅದನ್ನು ಈರೇಶ ಕಟ್ಟಿರಲಿಲ್ಲ. ಅವನು ಕೊಟ್ಟ ಮಾತು ನಡೆಯಲಿಲ್ಲ.